ಬೆಂಜೀನ್ ಉಂಗುರವನ್ನು ಬೆಳಕಿನಲ್ಲಿ ಓದಿದ ರಾಮನ್

ಮಲ್ಲೇಶ್ವರದ 15ನೇ ಕ್ರಾಸಿನಲ್ಲಿ ‘ಪಂಚವಟಿ’ ಎಂಬ ಹಳೆಯ ಮನೆಯಿದೆ. ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆ ಹಾದು ಹೋಗಿರುತ್ತೇವೆ. ಅದು ಸರ್ ಸಿ.ವಿ. ರಾಮನ್ ಅವರ ಮನೆ. ರಾಮನ್ ಎಂದರೆ ನಮಗೆ ನೆನಪಾಗುವುದು ಫೆಬ್ರವರಿ 28ರ ವಿಜ್ಞಾನ ದಿನ ಮತ್ತು ಭೌತಶಾಸ್ತ್ರದ ನೊಬೆಲ್. ಆದರೆ ಕೆಮಿಸ್ಟ್ರಿ ತರಗತಿಯಲ್ಲಿ ನಮ್ಮನ್ನು ಕಾಡುವ ಬೆಂಜೀನ್ ಉಂಗುರಕ್ಕೂ ಅವರ ಕೆಲಸಕ್ಕೂ ಹತ್ತಿರದ ನಂಟಿದೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಹದಿನೆಂಟನೇ ವಯಸ್ಸಿಗೇ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾದರು. ಕಲ್ಕತ್ತೆಯಲ್ಲಿ ಹಗಲು ಕಚೇರಿಯ ಕೆಲಸ; ಬೆಳಗ್ಗೆ, ಸಂಜೆ ಬೌಬಜಾರ್ ರಸ್ತೆಯ ವಿಜ್ಞಾನ ಸಂಘದಲ್ಲಿ ಪ್ರಯೋಗ. ಹೀಗೆ ಹತ್ತು ವರ್ಷ ಕಳೆದವು. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ, ಸಂಬಳ ಕಡಿಮೆಯೆಂದು ತಿಳಿದಿದ್ದರೂ ಸರ್ಕಾರಿ ನೌಕರಿ ಬಿಟ್ಟು ಬಂದರು.

1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಮನಸ್ಸನ್ನು ಹಿಡಿಯಿತು. ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ಏಳು ವರ್ಷ ಅವರೂ ಅವರ ಶಿಷ್ಯರೂ ಒಂದಾದ ಮೇಲೊಂದು ದ್ರವದ ಮೂಲಕ ಬೆಳಕು ಹಾಯಿಸಿ ನೋಡಿದರು.

1928ರಲ್ಲಿ ಕೆ.ಎಸ್. ಕೃಷ್ಣನ್ ಅವರೊಂದಿಗೆ ಸುಮಾರು ಅರವತ್ತು ದ್ರವಗಳನ್ನು ಪರೀಕ್ಷಿಸಿದಾಗ ಹೊಸ ಸಂಗತಿ ಕಂಡಿತು. ಚದುರಿದ ಬೆಳಕಿನಲ್ಲಿ ಹೆಚ್ಚಿನದು ಬಂದ ಬಣ್ಣದಲ್ಲೇ ಹೊರಡುತ್ತದೆ. ಅತ್ಯಲ್ಪ ಭಾಗ ಮಾತ್ರ ಬಣ್ಣ ಬದಲಿಸುತ್ತದೆ. ಅಣು ಕಂಪಿಸಲು ಬೆಳಕಿನಿಂದ ಒಂದಿಷ್ಟು ಶಕ್ತಿ ಪಡೆಯುವುದೇ ಇದಕ್ಕೆ ಕಾರಣ. ಎಷ್ಟು ಬದಲಾಯಿತು ಎಂದು ಅಳೆದರೆ ಅಣುವಿನ ಕಂಪನ ತಿಳಿಯುತ್ತದೆ. ಆ ವರ್ಷದ ಮಾರ್ಚ್ 16ರಂದು ರಾಮನ್ ಈ ಹೊಸ ವಿಕಿರಣದ ಬಗ್ಗೆ ಸವಿವರವಾದ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. 1930ರಲ್ಲಿ ನೊಬೆಲ್ ಬಂತು.

ಮೊದಮೊದಲು ಪರೀಕ್ಷಿಸಿದ ದ್ರವಗಳಲ್ಲಿ ಬೆಂಜೀನ್ ಕೂಡ ಒಂದು. ಅದರ ರೋಹಿತದಲ್ಲಿ 992ರ ಬಳಿ (ಪ್ರತಿ ಸೆಂಟಿಮೀಟರಿಗೆ) ಒಂದು ಬಲವಾದ ಗೆರೆ ಇದೆ. ಆರು ಕಾರ್ಬನ್‌ಗಳ ಉಂಗುರ ಒಟ್ಟಾಗಿ ಹಿಗ್ಗಿ ಕುಗ್ಗುವ, ಉಸಿರಾಡಿದಂತಹ ಕಂಪನ ಅದು. 1929ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಲಾನ್ಸ್‌ಡೇಲ್ ಈ ಉಂಗುರ ಚಪ್ಪಟೆ ಎಂದು ಎಕ್ಸ್-ರೇ ಮೂಲಕ ಸಾಧಿಸಿದರು.

ಈ ಉಂಗುರ ಒಂದೇ ಕಡೆ ಬೇರೆ ಗುಂಪಿಗೆ ಸೇರಿದ್ದರೆ ಅದು ಫಿನೈಲ್. (ಮನೆ ಒರೆಸುವ ಫಿನಾಯಿಲ್ ಅಲ್ಲ!) ಎರಡು ಕಡೆ ಸೇರಿದ್ದರೆ ಅದು ಸೇತುವೆ. 1 ಮತ್ತು 4ನೇ ಕಾರ್ಬನ್‌ಗಳಲ್ಲಿ ಸೇರಿದಾಗ ಎರಡು ಬಂಧಗಳೂ ನೇರ ಎದುರುಬದುರು ದಿಕ್ಕಿಗೆ ಚಾಚುತ್ತವೆ. ಉಂಗುರ ಸುಲಭಕ್ಕೆ ಬಾಗುವುದಿಲ್ಲ, ಆದ್ದರಿಂದ ಸೇತುವೆಯ ಉದ್ದವೂ ಬದಲಾಗುವುದಿಲ್ಲ. ಟೆರೆಫ್ತಾಲಿಕ್ ಆಮ್ಲ ಇಂಥದ್ದು. ನಾವು ಹಿಡಿದು ಬರುವ ಪೆಟ್ ನೀರಿನ ಬಾಟಲಿಯಲ್ಲೂ ಇದೇ ಸೇತುವೆಯಿದೆ. ಅದೇ ಆಮ್ಲದ ಎರಡು ತುದಿಗಳು ಸತುವಿನ ಗುಂಪುಗಳನ್ನು ಹಿಡಿದುಕೊಂಡರೆ ಗಾಳಿಗೂಡಿನಂಥ ಚೌಕಟ್ಟು ಏಳುತ್ತದೆ. 1999ರಲ್ಲಿ ಓಮರ್ ಯಾಘಿ ಅವರ ತಂಡ ಕಟ್ಟಿದ ಎಂಓಎಫ್-5 ಇದೇ. ಇಂಥ ಚೌಕಟ್ಟುಗಳಿಗಾಗಿ ಅವರೂ ಸೇರಿ ಮೂವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂತು. ದ್ವಿತೀಯ ಪಿಯುಸಿಯ ಕೋಆರ್ಡಿನೇಶನ್ ಸಂಯುಕ್ತಗಳ ಪಾಠ ಮುಂದುವರಿದರೆ ತಲುಪುವುದು ಇಲ್ಲಿಗೇ.

ಉಂಗುರ ತುದಿಯಲ್ಲಿದೆಯೋ ಸೇತುವೆಯಾಗಿದೆಯೋ ಎಂದು ತಿಳಿಯುವುದು ಹೇಗೆ? ಇಲ್ಲಿ ರಾಮನ್ ಬೆಳಕು ನೆರವಿಗೆ ಬರುತ್ತದೆ. ತುದಿಯ ಫಿನೈಲ್‌ನಲ್ಲಿ 1000ದ ಬಳಿ ಆ ಬಲವಾದ ಗೆರೆ ಉಳಿದಿರುತ್ತದೆ. 1,4 ಸೇತುವೆಯಾದರೆ ಅದು ಅಲ್ಲಿ ಕಾಣುವುದಿಲ್ಲ. 1600ರ ಬಳಿಯ ಉಂಗುರದ ಗೆರೆ ಮಾತ್ರ ಉಳಿಯುತ್ತದೆ. ವಸ್ತುವನ್ನು ಒಡೆಯದೆ, ಕರಗಿಸದೆ, ಬೆಳಕು ಬಿಟ್ಟು ನೋಡಿದರೆ ಸಾಕು.

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿದರು. ಆಡಳಿತದೊಂದಿಗೆ ಭಿನ್ನಾಭಿಪ್ರಾಯ ಬೆಳೆದು 1937ರಲ್ಲಿ ನಿರ್ದೇಶಕ ಹುದ್ದೆ ಬಿಡಬೇಕಾಯಿತು. ಆದರೆ ಊರು ಬಿಡಲಿಲ್ಲ, ಪ್ರಯೋಗಾಲಯವನ್ನೂ ಬಿಡಲಿಲ್ಲ. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ದುಡಿದರು. ನಂತರ ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ಎದ್ದ ರಾಮನ್ ಸಂಶೋಧನಾ ಸಂಸ್ಥೆಯೇ ಅವರ ಕೆಲಸದ ಮನೆಯಾಯಿತು. 1954ರಲ್ಲಿ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ತೀರಿಕೊಂಡಾಗ ಆ ಸಂಸ್ಥೆಯ ಆವರಣದಲ್ಲೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಸಮಾಧಿ ಕಟ್ಟಿಲ್ಲ, ಒಂದು ಮರವಿದೆ.

ಗೆಳೆಯರೇ, ರಾಮನ್ ಸಮುದ್ರದ ಬಣ್ಣ ಕಂಡು ಹುಟ್ಟಿದ ಒಂದು ಪ್ರಶ್ನೆಯನ್ನು ಏಳು ವರ್ಷ ಕೈಬಿಡಲಿಲ್ಲ. ಮುಂದಿನ ಸಲ ರೆಕಾರ್ಡ್ ಪುಸ್ತಕದಲ್ಲಿ ಬೆಂಜೀನ್ ಉಂಗುರ ಬರೆಯುವಾಗ ಇದು ತುದಿಯೋ ಸೇತುವೆಯೋ ಎಂದು ಒಂದು ಕ್ಷಣ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಲ್ಯಾಬಿನಲ್ಲಿ ನಮ್ಮ ಮೇಷ್ಟ್ರನ್ನು ಕೇಳಿ.