ನೋರಾ ಸ್ಟಾಂಟನ್ ಬ್ಲಾಚ್: ಪದವಿ, ವೃತ್ತಿ ಮತ್ತು ಸದಸ್ಯತ್ವದ ಪ್ರಶ್ನೆ

ಎಂಜಿನಿಯರಿಂಗ್ ಕ್ಷೇತ್ರಕ್ಕೆ ಮಹಿಳೆಯರ ಪ್ರವೇಶವನ್ನು ಅವರು ಪದವಿ ಪಡೆದ ವರ್ಷದಿಂದ ಗುರುತಿಸುವ ರೂಢಿಯಿದೆ. ಈ ರೂಢಿಯ ಪ್ರಕಾರ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1905ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದ ಮೊದಲ ಮಹಿಳೆ ನೋರಾ ಸ್ಟಾಂಟನ್ ಬ್ಲಾಚ್ ಅವರ ಕಥನ ಅಲ್ಲಿಗೇ ಸಫಲವಾಗಿ ಮುಗಿಯಬೇಕು. ಆದರೆ ಪದವಿಗೂ ವೃತ್ತಿಯ ಮಾನ್ಯತೆಗೂ ನಡುವೆ ಇದ್ದ ಅಂತರವು ಅವರ ಮುಂದಿನ ಹತ್ತು ವರ್ಷಗಳಲ್ಲಿ ಸ್ಪಷ್ಟವಾಗುತ್ತಾ ಹೋಯಿತು.

ನೋರಾ ಹುಟ್ಟಿದ್ದು 1883ರಲ್ಲಿ, ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ. ತಾಯಿಯ ತಾಯಿ ಎಲಿಜಬೆತ್ ಕೇಡಿ ಸ್ಟಾಂಟನ್, 1848ರ ಸೆನೆಕಾ ಫಾಲ್ಸ್ ಮಹಿಳಾ ಹಕ್ಕುಗಳ ಸಮಾವೇಶದ ರೂವಾರಿಗಳಲ್ಲಿ ಒಬ್ಬರು. ತಾಯಿ ಹ್ಯಾರಿಯಟ್ ಸ್ಟಾಂಟನ್ ಬ್ಲಾಚ್ ಕೂಡ ಮತಾಧಿಕಾರ ಚಳವಳಿಯ ನಾಯಕಿ. ಹಕ್ಕಿನ ಪರಿಭಾಷೆ ನೋರಾ ಅವರಿಗೆ ಮನೆಯ ಮಾತೇ ಆಗಿತ್ತು.

ಪದವಿಯ ಬಳಿಕ ಅವರು ಅಮೆರಿಕನ್ ಬ್ರಿಡ್ಜ್ ಕಂಪನಿಯಲ್ಲಿ ನಕ್ಷೆಗಾರ್ತಿಯಾಗಿ ದುಡಿದರು. ಅನಂತರ ನ್ಯೂಯಾರ್ಕ್ ನಗರದ ನೀರು ಸರಬರಾಜು ಮಂಡಳಿಯನ್ನು ಸೇರಿದರು. 1906ರಲ್ಲಿ ಅಮೆರಿಕನ್ ಸೊಸೈಟಿ ಆಫ್ ಸಿವಿಲ್ ಎಂಜಿನಿಯರ್ಸ್ ಅವರನ್ನು ಕಿರಿಯ ಸದಸ್ಯರನ್ನಾಗಿ ಸ್ವೀಕರಿಸಿತು. ಮರಳು ಬೆರೆತ ನೀರು ಕೊಳವೆಗಳಲ್ಲಿ ಹರಿಯುವ ಬಗೆಯನ್ನು ಕುರಿತ ಅವರ ಪ್ರಯೋಗಗಳ ಫಲಿತಗಳು ಅದೇ ವರ್ಷ ಆ ಸಂಸ್ಥೆಯ ಸಂಪುಟದಲ್ಲಿಯೇ ಅಚ್ಚಾದವು. ಘನಕಣ ಬೆರೆತ ದ್ರವಗಳ ಸಾಗಣೆಯನ್ನು ಅಭ್ಯಸಿಸುವವರು ಇಂದಿಗೂ ಈ ಬರಹವನ್ನು ಉಲ್ಲೇಖಿಸುತ್ತಾರೆ.

ಇಲ್ಲಿ ಆ ಕಾಲದ ವ್ಯವಸ್ಥೆಯನ್ನು ಗಮನಿಸಬೇಕು. ಎಂಜಿನಿಯರುಗಳಿಗೆ ಸರ್ಕಾರವೇ ಪರವಾನಗಿ ನೀಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು ವಯೋಮಿಂಗ್ ರಾಜ್ಯ, 1907ರಲ್ಲಿ. ನ್ಯೂಯಾರ್ಕಿನಲ್ಲಿ ಅಂಥ ಕಾನೂನು ಆಗ ಇರಲಿಲ್ಲ. ಹೀಗಾಗಿ ವೃತ್ತಿಸಂಘದ ಸದಸ್ಯತ್ವದ ಶ್ರೇಣಿಯೇ ಬಹುಮಟ್ಟಿಗೆ ಅರ್ಹತಾಪತ್ರದ ಸ್ಥಾನದಲ್ಲಿ ನಿಂತಿತ್ತು. ಕಿರಿಯ ಸದಸ್ಯತ್ವಕ್ಕೆ 32 ವರ್ಷಗಳ ವಯೋಮಿತಿಯಿದ್ದು, ಅಷ್ಟರೊಳಗೆ ಸಹಸದಸ್ಯತ್ವಕ್ಕೆ ಏರದವರ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. ಮೇಲ್ನೋಟಕ್ಕೆ ಈ ನಿಯಮದಲ್ಲಿ ಲಿಂಗಭೇದದ ಸುಳಿವೂ ಇಲ್ಲ.

1908ರಲ್ಲಿ ನೋರಾ ರೇಡಿಯೊ ಸಂಶೋಧಕ ಲೀ ಡಿ ಫಾರೆಸ್ಟ್ ಅವರನ್ನು ವಿವಾಹವಾಗಿ, ಅವರ ಪ್ರಯೋಗಾಲಯದಲ್ಲೂ ದುಡಿದರು. ಹೆಂಡತಿ ವೃತ್ತಿಯನ್ನು ಬಿಡಬೇಕೆಂಬುದು ಪತಿಯ ಅಪೇಕ್ಷೆಯಾಗಿತ್ತು. ದಾಂಪತ್ಯ ಬಹುಕಾಲ ಬಾಳಲಿಲ್ಲ. 1909ರಲ್ಲಿ ಮಗಳು ಹುಟ್ಟಿದಳು. ಅದೇ ವರ್ಷ ನೋರಾ ರ್‍ಯಾಡ್ಲಿ ಸ್ಟೀಲ್ ಕನ್‌ಸ್ಟ್ರಕ್ಷನ್ ಕಂಪನಿಯ ಮೂಲಕ ಉಕ್ಕಿನ ಕಟ್ಟಡ ವಿನ್ಯಾಸಕ್ಕೆ ಮರಳಿದರು. 1912ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಸೇವಾ ಆಯೋಗದಲ್ಲಿ ಸಹಾಯಕ ಎಂಜಿನಿಯರಾದರು. ಮುಂದೆ ಲಾಂಗ್ ಐಲೆಂಡಿನಲ್ಲಿ ಸ್ವತಂತ್ರವಾಗಿ ಮನೆಗಳನ್ನು ಕಟ್ಟಿಸಲಾರಂಭಿಸಿದರು. ಇವೆಲ್ಲದರ ನಡುವೆ ಮತಾಧಿಕಾರದ ಪ್ರಚಾರವೂ ನಡೆದೇ ಇತ್ತು.

ಸೇತುವೆ, ನೀರು, ಉಕ್ಕು, ವಸತಿ ನಿರ್ಮಾಣ: ಹತ್ತು ವರ್ಷಗಳಲ್ಲಿ ಇಷ್ಟು ವೈವಿಧ್ಯದ ಅನುಭವವನ್ನು ಸಾಲದೆನ್ನುವುದು ಕಷ್ಟ. ಆದರೂ ಸಹಸದಸ್ಯತ್ವ ದೊರೆಯಲಿಲ್ಲ. 32 ತುಂಬಿದ ಕಾರಣಕ್ಕೆ 1916ರಲ್ಲಿ ಅವರ ಹೆಸರನ್ನು ಕೈಬಿಡಲಾಯಿತು. ವಯೋಮಿತಿಯ ನಿಯಮವೂ ಬಡ್ತಿಯ ನಿರಾಕರಣೆಯೂ ಬೇರೆಬೇರೆಯಾಗಿ ನಿರಪಾಯಕಾರಿಯಾಗಿ ಕಾಣುತ್ತವೆ. ಎರಡೂ ಕೂಡಿದಾಗ ಇದ್ದ ಅಲ್ಪ ಸ್ಥಾನವೂ ಇಲ್ಲವಾಗುತ್ತದೆ. ಬರಹವನ್ನು ಸ್ವೀಕರಿಸಿ ಬರೆದವಳನ್ನು ಹೊರಗಿಡುವ ಈ ಕ್ರಮ ಸಾಹಿತ್ಯ ಚರಿತ್ರೆಯ ಅಭ್ಯಾಸಿಗಳಿಗೆ ಅಪರಿಚಿತವೇನೂ ಅಲ್ಲ. ನೋರಾ ನ್ಯಾಯಾಲಯದ ಮೊರೆಹೊಕ್ಕರು, ಆದರೆ ತೀರ್ಪು ಸಂಸ್ಥೆಯ ಪರವಾಯಿತು.

ಅವರು ವೃತ್ತಿಯನ್ನು ಬಿಡಲಿಲ್ಲ. 1919ರಲ್ಲಿ ನೌಕಾವಿನ್ಯಾಸಕಾರ ಮಾರ್ಗನ್ ಬಾರ್ನಿ ಅವರನ್ನು ವಿವಾಹವಾದರು; ಮುಂದೆ ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ ಮನೆಗಳನ್ನು ವಿನ್ಯಾಸಗೊಳಿಸಿ ಕಟ್ಟಿಸುತ್ತಾ ಬದುಕಿದರು. ಅದೇ ಸೊಸೈಟಿ 1927ರಲ್ಲಿ ಎಲ್ಸಿ ಈವ್ಸ್ ಅವರಿಗೆ ಪೂರ್ಣ ಹಕ್ಕುಳ್ಳ ಸದಸ್ಯತ್ವವನ್ನಿತ್ತಿತು. ನೋರಾ 1971ರ ಜನವರಿಯಲ್ಲಿ ತೀರಿಕೊಂಡರು. 2015ರಲ್ಲಿ ಸೊಸೈಟಿ ಅವರಿಗೆ ಮರಣೋತ್ತರವಾಗಿ ಫೆಲೊ ಸ್ಥಾನವನ್ನು ನೀಡಿತು. ಒಂದು ಶತಮಾನದ ಹಿಂದೆ ಅವರು ಕೇಳಿದ್ದ ಸ್ಥಾನಕ್ಕಿಂತ ಅದು ಮೇಲಿನ ಶ್ರೇಣಿ.