ನಗಿಸುತ್ತಲೇ ಗಾಯ ತೋರಿಸಿದ ಬಡಗಿ

ಫಸ್ಟ್ ಇಯರ್ ವರ್ಕ್‌ಶಾಪ್ ನೆನಪಿದೆಯಾ? ಮರದ ತುಂಡಿಗೆ ಉಳಿ ಹೊಡೆದು, ಜಾಯಿಂಟ್ ಕೂರದೆ, ಕೊನೆಗೆ ಸಂದಿಗೆ ಮರದ ಪುಡಿ ತುಂಬಿ ಸಬ್ಮಿಟ್ ಮಾಡಿದವರು ನಾವು. ಹಾಗಾಗಿ ಇಟಲಿಯ ಮಹಾನ್ ನಿರ್ದೇಶಕ ಫೆಲ್ಲಿನಿ ತಮ್ಮ ಗೆಳೆಯರೊಬ್ಬರನ್ನು ದೊಡ್ಡ ಬಡಗಿ ಅಂತ ಕರೆಯುತ್ತಿದ್ದರು ಎಂದು ಓದಿದಾಗ ನಮಗೆ ಕುತೂಹಲ ಆಯ್ತು. ಆ ಬಡಗಿ ಪಿಯೆತ್ರೊ ಜೆರ್ಮಿ. ಅವರು ಮಾಡಿದ 'ಡಿವೋರ್ಸ್ ಇಟಾಲಿಯನ್ ಸ್ಟೈಲ್' ಎಂಬ ಕಾಮಿಡಿ ಸಿನಿಮಾವನ್ನು ಹಾಸ್ಟೆಲ್ ರೂಮಿನಲ್ಲಿ, ಒಂದೇ ಲ್ಯಾಪ್‌ಟಾಪ್ ಸುತ್ತ ಕೂತು, ಸಬ್‌ಟೈಟಲ್ ಓದಿಕೊಂಡು ನೋಡಿದೆವು. ಆಮೇಲೆ ಇದನ್ನು ಬರೆಯದೆ ಇರೋಕೆ ಆಗಲಿಲ್ಲ.

ಜೆರ್ಮಿ ಹುಟ್ಟಿದ್ದು 1914ರ ಸೆಪ್ಟೆಂಬರ್ 14ರಂದು, ಇಟಲಿಯ ಉತ್ತರದ ಬಂದರು ಊರು ಜಿನೋವಾದಲ್ಲಿ. ಮನೆಯಲ್ಲಿ ದುಡ್ಡಿಗೆ ಕಷ್ಟವೇ. ಹಡಗಿನ ಕೆಲಸ ಕಲಿಸುವ ಶಾಲೆಗೆ ಸೇರಿದರು. ಆದರೆ ಮನಸ್ಸು ಸಮುದ್ರದಲ್ಲಿ ನಿಲ್ಲಲಿಲ್ಲ. ರೋಮ್‌ಗೆ ಹೋಗಿ ಅಲ್ಲಿನ ಸಿನಿಮಾ ತರಬೇತಿ ಕೇಂದ್ರದಲ್ಲಿ ಕಲಿತರು. ಅಲ್ಲಿ ನಿರ್ದೇಶಕ ಬ್ಲಾಸೆಟ್ಟಿ ಅವರ ಗುರು. ಬ್ರಾಂಚ್ ಚೇಂಜ್ ಮಾಡಬೇಕು ಅಂತ ಒದ್ದಾಡುವ ನಮ್ಮಂಥವರಿಗೆ ಈ ಭಾಗ ತುಂಬಾ ಹತ್ತಿರ ಅನ್ನಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅವರ ಮೊದಲ ಸಿನಿಮಾ ತೆರೆಗೆ ಬಂತು.

ಶುರುವಿನ ಹದಿನೈದು ವರ್ಷ ಅವರು ಮಾಡಿದ್ದು ಹೆಚ್ಚಾಗಿ ಗಂಭೀರ ಸಿನಿಮಾಗಳನ್ನೇ. ಉತ್ತರದವರಾದರೂ ಅವರನ್ನು ಸೆಳೆದದ್ದು ದಕ್ಷಿಣದ ತುದಿಯ ದ್ವೀಪ ಸಿಸಿಲಿ. 1949ರ ಸಿನಿಮಾದಲ್ಲಿ ಮಾಫಿಯಾ ಇರುವ ಊರಿಗೆ ಬರುವ ಯುವ ನ್ಯಾಯಾಧೀಶನ ಕಥೆ ಹೇಳಿದರು. 1950ರಲ್ಲಿ, ಗಂಧಕದ ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿ ಫ್ರಾನ್ಸ್ ಕಡೆ ಹೊರಡುವ ಬಡವರ ಕಥೆ. ಈ ಎರಡಕ್ಕೂ ಚಿತ್ರಕಥೆ ಬರೆದವರಲ್ಲಿ ಫೆಲ್ಲಿನಿ ಕೂಡ ಇದ್ದರು. 1956ರಲ್ಲಿ ಬಂದ 'ದಿ ರೈಲ್‌ರೋಡ್ ಮ್ಯಾನ್'ನಲ್ಲಿ ಜೆರ್ಮಿ ತಾವೇ ರೈಲು ಚಾಲಕನ ಪಾತ್ರ ಮಾಡಿದರು. ಇವೆಲ್ಲ ಗಂಭೀರ, ಇವೆಲ್ಲ ಕಷ್ಟದ ಜನರ ಬದುಕು.

ಆಮೇಲೆ ಅವರ ಕೈಗೆ ಜೊವಾನಿ ಆರ್ಪಿನೊ ಬರೆದ ಕಾದಂಬರಿ ಬಂತು. ಅದರ ವಿಷಯ ಮರ್ಯಾದೆಗಾಗಿ ಮಾಡುವ ಕೊಲೆ. ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. ಆಗ ಇಟಲಿಯಲ್ಲಿ ವಿಚ್ಛೇದನ ಅನ್ನೋದೇ ಇರಲಿಲ್ಲ. ಮದುವೆಯಾದರೆ ಸಾಯುವ ತನಕ ಮದುವೆ. ಅದೇ ದೇಶದ ದಂಡಸಂಹಿತೆಯಲ್ಲಿ 587 ಅಂತ ಒಂದು ಕಲಂ ಇತ್ತು. ಹೆಂಡತಿಯೋ ಮಗಳೋ ತಂಗಿಯೋ ಪರಪುರುಷನ ಜೊತೆ ಇರುವುದನ್ನು ಕಂಡು, ಮರ್ಯಾದೆ ಹೋಯಿತೆಂಬ ಸಿಟ್ಟಿನಲ್ಲಿ ಕೊಂದರೆ, ಶಿಕ್ಷೆ 3ರಿಂದ 7 ವರ್ಷ ಮಾತ್ರ. ಬೇರೆ ಕೊಲೆಗೆ ಕನಿಷ್ಠ 21 ವರ್ಷ.

ಈಗ ಇದನ್ನು ನಮ್ಮ ಕಣ್ಣಿನಿಂದ ನೋಡಿ. ಸಿಸ್ಟಮ್‌ನಲ್ಲಿ ಒಂದು ಬಾಗಿಲಿಗೆ ಬೀಗ, ಪಕ್ಕದ ಕಿಟಕಿ ಪೂರ್ತಿ ಓಪನ್. ಹೆಂಡತಿಯನ್ನು ಬಿಡುವುದಕ್ಕೆ ದಾರಿಯಿಲ್ಲ, ಕೊಲ್ಲುವುದಕ್ಕೆ ರಿಯಾಯಿತಿ ಇದೆ! ಜೆರ್ಮಿ ಮೊದಲು ಇದನ್ನೂ ಗಂಭೀರ ಸಿನಿಮಾ ಮಾಡಬೇಕು ಅಂತಲೇ ಹೊರಟಿದ್ದರು. ಆದರೆ ಬರೆಯುತ್ತಾ ಹೋದಂತೆ ಈ ತರ್ಕ ಎಷ್ಟು ಹಾಸ್ಯಾಸ್ಪದ ಅನ್ನೋದು ಎದ್ದು ಕಂಡಿತು. ಕಥೆ ಕಾಮಿಡಿ ಕಡೆ ತಿರುಗಿತು. 47ನೇ ವಯಸ್ಸಿನಲ್ಲಿ ಅವರು ತಮ್ಮ ದಾರಿಯನ್ನೇ ಬದಲಿಸಿಕೊಂಡರು.

1961ರ ಆ ಸಿನಿಮಾದ ಹೀರೋ ಫೆಫೆ ಅನ್ನುವ ಸೋಮಾರಿ ಜಮೀನ್ದಾರ. ಪಾತ್ರ ಮಾಡಿದವರು ಮಾರ್ಚೆಲ್ಲೊ ಮಾಸ್ತ್ರೊಯಾನಿ. ಎಣ್ಣೆ ಹಚ್ಚಿದ ತಲೆ, ಸಣ್ಣ ಮೀಸೆ, ಬಾಯಲ್ಲಿ ಆಗಾಗ ಚುಕ್ ಅನ್ನುವ ಚಾಳಿ. ಅವನಿಗೆ ಹೆಂಡತಿ ಬೇಡ, ಹದಿಹರೆಯದ ಕಸಿನ್ ಬೇಕು. ಹೆಂಡತಿ ಸೋಪಿನ ಕಡಾಯಿಯಲ್ಲಿ ಬೆಂದಂತೆ, ಉಸುಬಿನಲ್ಲಿ ಹೂತುಹೋದಂತೆ, ರಾಕೆಟ್ ಹತ್ತಿ ಆಕಾಶಕ್ಕೆ ಹಾರಿದಂತೆ ಹಗಲುಗನಸು ಕಾಣುತ್ತಾನೆ. ಕೊನೆಗೆ ಪಕ್ಕಾ ಪ್ರಾಜೆಕ್ಟ್ ಪ್ಲಾನ್ ಹಾಕುತ್ತಾನೆ: ಅವಳಿಗೊಬ್ಬ ಪ್ರಿಯಕರನನ್ನು ತಾನೇ ಹುಡುಕಿ, ಮನೆಗೆ ಕರೆಸಿ, ಟೇಪ್ ರೆಕಾರ್ಡರ್ ಬಚ್ಚಿಟ್ಟು, ಮರ್ಯಾದೆ ಹೋಗಲಿ ಅಂತ ಕಾಯುತ್ತಾನೆ. ಕೋರ್ಟಿನಲ್ಲಿ ವಕೀಲರು ತನ್ನ ಪರ ಹೇಗೆ ವಾದಿಸಬಹುದು ಅನ್ನೋದೂ ತಲೆಯಲ್ಲಿ ರೆಡಿ. ಕೊನೆಯ ಅರ್ಧ ನಿಮಿಷದಲ್ಲಿ ಏನಾಗುತ್ತೆ ಅಂತ ಮಾತ್ರ ಹೇಳಲ್ಲ, ನೀವೇ ನೋಡಿ.

ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಒಂದು ಕಡೆ ನಗು ನಿಂತಿತು. ಹೆಂಡತಿ ಓಡಿಹೋದ ಮೇಲೆ ಇಡೀ ಊರು ಫೆಫೆಯನ್ನು ಅಣಕಿಸುತ್ತೆ. ಕೊಂದು ಬಂದ ಮೇಲೆ ಅದೇ ಊರು ಗೌರವ ಕೊಡುತ್ತೆ. ನಮ್ಮ ಪೇಪರ್‌ಗಳಲ್ಲಿ ಮರ್ಯಾದೆಗೇಡು ಹತ್ಯೆ ಅನ್ನುವ ಪದ ನಾವೆಲ್ಲ ಓದಿದವರೇ. ಓದಿ, ಪುಟ ತಿರುಗಿಸಿದವರೇ. ರೂಮಿನಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಕ್ಕಿದ್ದು ಫೆಫೆಯನ್ನು ನೋಡಿ. ಆದರೆ ಅವನಿಗೆ ಕೈಕುಲುಕುವ ಊರಿನವರಲ್ಲಿ ನಾವೂ ಇದ್ದೀವಾ ಅನ್ನಿಸಿತು.

ಸಿನಿಮಾ ಪ್ರಪಂಚ ಸುತ್ತಿತು. 1963ರಲ್ಲಿ ಜೆರ್ಮಿ ಮತ್ತು ಇಬ್ಬರು ಸಹಲೇಖಕರಿಗೆ ಚಿತ್ರಕಥೆಯ ಆಸ್ಕರ್ ಬಂತು. ತಮಾಷೆ ಏನೆಂದರೆ, ಕಾದಂಬರಿಯಿಂದ ಹುಟ್ಟಿದ ಈ ಕಥೆಗೆ ಸಿಕ್ಕಿದ್ದು ನೇರವಾಗಿ ತೆರೆಗೇ ಬರೆದ ಕಥೆಯ ವಿಭಾಗದ ಪ್ರಶಸ್ತಿ! ಆ ಕಾಲದ ಇಟಲಿಯ ಕಹಿ ಹಾಸ್ಯದ ಸಿನಿಮಾಗಳಿಗೆಲ್ಲ ಇಟಾಲಿಯನ್ ಸ್ಟೈಲ್ ಕಾಮಿಡಿ ಅನ್ನುವ ಹೆಸರು ಬಿದ್ದದ್ದೂ ಇದರ ಹೆಸರಿನಿಂದಲೇ. 1964ರ 'ಸೆಡ್ಯೂಸ್ಡ್ ಅಂಡ್ ಅಬ್ಯಾಂಡನ್ಡ್'ನಲ್ಲಿ ಜೆರ್ಮಿ ಇನ್ನೊಂದು ಕಲಂ ಹಿಡಿದರು: ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನು ಅವಳನ್ನೇ ಮದುವೆಯಾದರೆ ಅಪರಾಧ ಮಾಫಿ ಅನ್ನುವ 544. ನಂತರ ಉತ್ತರ ಇಟಲಿಯ ದೊಡ್ಡಮನುಷ್ಯರನ್ನೂ ಬಿಡಲಿಲ್ಲ. ಅವರ ಬೂಟಾಟಿಕೆಯ ಮೇಲೆ ಮಾಡಿದ ಸಿನಿಮಾ 1966ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತು.

1970ರ ಡಿಸೆಂಬರ್‌ನಲ್ಲಿ ಇಟಲಿಗೆ ವಿಚ್ಛೇದನದ ಕಾನೂನು ಬಂತು. ಅದನ್ನು ತೆಗೆಯಬೇಕಾ ಅಂತ 1974ರ ಮೇ ತಿಂಗಳಲ್ಲಿ ಜನಮತ ಕೇಳಿದಾಗ, ಸುಮಾರು 59% ಜನ ಬೇಡ, ಇರಲಿ ಅಂದರು. ಜೆರ್ಮಿ ಅದನ್ನು ನೋಡಿದರು. ಆಗಲೇ ಕಾಯಿಲೆ ಬಿದ್ದಿದ್ದರು. 'ಅಮೀಚಿ ಮಿಯೆಯಿ' ಅನ್ನುವ ಮುಂದಿನ ಸಿನಿಮಾವನ್ನು ಮಾರಿಯೊ ಮೊನಿಚೆಲ್ಲಿ ಕೈಗೆ ಒಪ್ಪಿಸಿದರು. ಡಿಸೆಂಬರ್ 5ರಂದು ರೋಮ್‌ನಲ್ಲಿ ತೀರಿಕೊಂಡರು. ವಯಸ್ಸು 60. ಮರುವರ್ಷ ಆ ಸಿನಿಮಾ ಬಂದಾಗ ಮೊನಿಚೆಲ್ಲಿ ಅದನ್ನು ಜೆರ್ಮಿಯ ಸಿನಿಮಾ ಅಂತಲೇ ತೆರೆಯ ಮೇಲೆ ಹಾಕಿಸಿದರು.

587 ಮತ್ತು 544, ಎರಡೂ ಕಲಂಗಳು ರದ್ದಾದದ್ದು 1981ರ ಆಗಸ್ಟ್ 5ರಂದು, ಒಂದೇ ಕಾನೂನಿನಿಂದ. ಜೆರ್ಮಿ ಹೋಗಿ ಆಗಲೇ ಆರು ವರ್ಷ ದಾಟಿತ್ತು, ಸಿನಿಮಾ ಬಂದು ಇಪ್ಪತ್ತು ವರ್ಷ. ಒಂದು ಸಿನಿಮಾ ಕಾನೂನು ಬದಲಿಸಿತು ಅಂತ ನಾವು ಹೇಳಲ್ಲ. ಎಷ್ಟೋ ಜನ, ಅದರಲ್ಲೂ ಹೆಣ್ಣುಮಕ್ಕಳು, ಅದಕ್ಕಾಗಿ ಹೋರಾಡಿದ್ದಾರೆ. ಬಡಗಿ ಮಾಡಿದ್ದು ಬೇರೆ ಕೆಲಸ. ನಾವು ವರ್ಕ್‌ಶಾಪಿನಲ್ಲಿ ಸಂದಿಗೆ ಪುಡಿ ತುಂಬಿ ಮುಚ್ಚಿದೆವು. ಅವರು ಸಂದಿಯ ಮೇಲೆ ದೀಪ ಹಿಡಿದು, ಇಡೀ ಊರನ್ನು ಕರೆದು ತೋರಿಸಿದರು.

ಈ ವೀಕೆಂಡ್ ನೋಡಿ. ಇಂಟರ್ನಲ್ಸ್ ಮುಗಿದ ಮೇಲೆ ನೋಡಿದರೂ ಪರವಾಗಿಲ್ಲ. ಆದರೆ ಒಬ್ಬರೇ ನೋಡಬೇಡಿ. ಎಲ್ಲಿ ನಗು ನಿಂತಿತು ಅಂತ ಪಕ್ಕದವರನ್ನು ಕೇಳೋಕೆ ಯಾರಾದರೂ ಇರಲಿ.