ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ಮೂಲದ ಸಸ್ಯರೋಗತಜ್ಞ ಹಾಗೂ ಕೀಟಶಾಸ್ತ್ರಜ್ಞ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಿಕ್ಷಣಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು.

ಆರಂಭಿಕ ಜೀವನ

ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದ ಅವರು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಅಡಿಕೆಯ ಕೊಳೆರೋಗ

ಮಲೆನಾಡಿನ ಅಡಿಕೆ ಫಸಲನ್ನು ಮಳೆಗಾಲದ ಕೊಳೆರೋಗ ನಾಶಮಾಡುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟುವುದು ಬೆಳೆಗಾರರ ಸಾಂಪ್ರದಾಯಿಕ ರಕ್ಷಣೆಯಾಗಿತ್ತು. ರೋಗಕಾರಕ ಶಿಲೀಂಧ್ರವನ್ನು ಅಧ್ಯಯನ ಮಾಡಿದ ಕೋಲ್ಮನ್, ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅಡಿಕೆ ತೋಟಗಳಲ್ಲಿ ಈ ಕ್ರಮ ಇಂದಿಗೂ ರೂಢಿಯಲ್ಲಿದೆ.

ಕೃಷಿ ಶಿಕ್ಷಣ

1913ರಲ್ಲಿ ಅವರು ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಶಾಲೆಗೆ ಬರಲಾಗದ ರೈತರ ಕಲಿಕೆಯೂ ಮುಂದುವರಿಯಬೇಕೆಂಬುದು ಅವರ ನಿಲುವಾಗಿತ್ತು. ಅವರ ಕಾಲದಲ್ಲಿ ರೂಪುಗೊಂಡ ಮೈಸೂರು ಅಗ್ರಿಕಲ್ಚರಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಯೂನಿಯನ್, ಹೊಸ ತಳಿ ಹಾಗೂ ಬೇಸಾಯ ಕ್ರಮಗಳನ್ನು ರೈತರು ತಮ್ಮ ಹೊಲಗಳಲ್ಲೇ ಪರೀಕ್ಷಿಸಲು ನೆರವಾಯಿತು.

ನಿವೃತ್ತಿ ಮತ್ತು ಪರಂಪರೆ

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯಕ್ಕೆ ಅದೇ ತಳಹದಿಯಾಯಿತು. ದಖನ್ನಿನ ರೆಕ್ಕೆಯಿಲ್ಲದ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂದು ಅವರ ಹೆಸರನ್ನಿಡಲಾಗಿದೆ.